ವೂಫರ್ ಗುಂಯ್ ಅಂತಿದೆ, ಹಿಂದಿನ ಸ್ಪೀಕರ್ ಬಂದ್ ಆಗಿದೆ: ಬೋರ್ಡ್ ಬದಲಿಸಲೇಬೇಕಾ?

ಪ್ರಶ್ನೆ: ನಾವು ಕಲಬುರಗಿಯ ಬ್ರಹ್ಮಪುರದಲ್ಲಿ ಇದ್ದೇವೆ. ಆರು ವರ್ಷದ ಹಿಂದೆ ಕೊಂಡ 5.1 ಹೋಂ ಥಿಯೇಟರ್ ಈ ಬೇಸಿಗೆಯಿಂದ ಕೈ ಕೊಟ್ಟಿದೆ. ಹಚ್ಚಿದ ಕೂಡಲೇ ವೂಫರ್‌ನಿಂದ ಗುಂಯ್ ಅಂತ ಸದ್ದು ಬರುತ್ತದೆ, ವಾಲ್ಯೂಮ್ ಸೊನ್ನೆ ಮಾಡಿದರೂ ನಿಲ್ಲುವುದಿಲ್ಲ. ಹಿಂದಿನ ಬಲಗಡೆ ಸ್ಪೀಕರ್ ಪೂರ್ತಿ ಬಂದ್. ಬೇಸ್ ಸ್ವಲ್ಪ ಏರಿಸಿದರೂ ವೂಫರ್ ಪರಪರ ಅನ್ನುತ್ತದೆ. ರಿಪೇರಿಯವರಿಗೆ ತೋರಿಸಿದೆ. ‘ಐಸಿ ಹೋಗ್ಯಾವ್ರೀ, ಪೂರಾ ಬೋರ್ಡ್ ಬದ್ಲಿ ಮಾಡಬೇಕಾಗ್ತದ’ ಅಂದರು, 2800 ರೂಪಾಯಿ ಕೇಳಿದರು. ಮಗ ಇದನ್ನು ಗುಜರಿಗೆ ಹಾಕಿ ಸೌಂಡ್‌ಬಾರ್ ತರೋಣ ಅಂತಾನೆ. ಡಬ್ಬಿ ಎತ್ತಿದರೆ ಒಳ್ಳೆ ಭಾರ ಇದೆ. ನನ್ನ ಹತ್ತಿರ ಮಲ್ಟಿಮೀಟರ್ ಇದೆ, ಸೋಲ್ಡರಿಂಗ್ ಕೂಡ ತಕ್ಕಮಟ್ಟಿಗೆ ಬರುತ್ತದೆ. ಏನು ಮಾಡಲಿ?

ಉತ್ತರ: ಬೋರ್ಡ್ ಈಗಲೇ ಬದಲಿಸಬೇಡಿ. ಗುಜರಿಗಂತೂ ಬೇಡವೇ ಬೇಡ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಎರಡಕ್ಕೆ, ಅಂದರೆ ಗುಂಯ್ ಮತ್ತು ಪರಪರಕ್ಕೆ, ಒಂದೇ ಮೂಲ ಇರುವ ಸಾಧ್ಯತೆ ಜಾಸ್ತಿ, ಅದೂ ಕಡಿಮೆ ಖರ್ಚಿನದು. ಬಂದ್ ಆದ ಸ್ಪೀಕರ್‌ಗೆ ಒಂದೇ ಒಂದು ಐಸಿ (ಸದ್ದು ಹೆಚ್ಚಿಸುವ ಚಿಪ್) ಕಾರಣ ಇರಬಹುದು, ಅಥವಾ ಸುಮ್ನೆ ಒಂದು ವೈರ್.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನಮ್ಮ ಮನೆಗಳಲ್ಲಿರುವ ಬಹುತೇಕ 5.1 ಸೆಟ್‌ಗಳಲ್ಲಿ ವೂಫರ್ ಡಬ್ಬಿ ಬರೀ ವೂಫರ್ ಅಲ್ಲ. ಐದೂ ಚಿಕ್ಕ ಸ್ಪೀಕರ್‌ಗಳ ಆಂಪ್ಲಿಫೈಯರ್, ಟ್ರಾನ್ಸ್‌ಫಾರ್ಮರ್, ರಿಮೋಟ್ ಬೋರ್ಡ್ ಎಲ್ಲವೂ ಅದರ ಹೊಟ್ಟೆಯಲ್ಲೇ ಇರುತ್ತವೆ. ಹಾಗಾಗಿ ಹಿಂದಿನ ಸ್ಪೀಕರ್ ಬಂದ್ ಆದರೂ ರೋಗ ವೂಫರ್ ಡಬ್ಬಿಯಲ್ಲಿ ಇರಬಹುದು. ವೂಫರ್ ಪರಪರ ಅಂದರೂ ಕೋನ್, ಅಂದರೆ ಅಲ್ಲಾಡಿ ಸದ್ದು ಮಾಡುವ ಬಟ್ಟಲಿನಂಥ ಭಾಗ, ಚೆನ್ನಾಗಿಯೇ ಇರಬಹುದು. ಸದ್ದು ಬರುವ ಜಾಗ ಬೇರೆ, ಕೆಟ್ಟಿರುವ ಜಾಗ ಬೇರೆ. ಅದಕ್ಕೇ ಡಬ್ಬಿ ಬಿಚ್ಚುವ ಮೊದಲು ಹೊರಗಿನಿಂದಲೇ ಕೆಲವು ಪರೀಕ್ಷೆ ಮಾಡಿ.

ಗುಂಯ್ ಸದ್ದಿನಿಂದ ಶುರು ಮಾಡೋಣ. ವೂಫರ್ ಹಿಂಭಾಗದ ಇನ್‌ಪುಟ್ ಪಿನ್‌ಗಳನ್ನೆಲ್ಲ ಕಿತ್ತುಬಿಡಿ. ಟಿವಿ, ಸೆಟ್‌ಟಾಪ್ ಬಾಕ್ಸ್, ಡಿವಿಡಿ ಯಾವುದೂ ಬೇಡ, ಬರೀ ಕರೆಂಟ್ ವೈರ್ ಮಾತ್ರ ಇರಲಿ. ಈಗ ಸದ್ದು ನಿಂತರೆ ತೊಂದರೆ ಹೊರಗಿನದು: ಕೇಬಲ್ ಅಥವಾ ಅರ್ಥಿಂಗ್. ನಿಲ್ಲದಿದ್ದರೆ ಒಳಗಿನದು. ವಾಲ್ಯೂಮ್ ಸೊನ್ನೆ ಮಾಡಿದರೂ ಬರುತ್ತದೆ ಅಂತ ನೀವು ಬರೆದಿರುವುದರಿಂದ ಒಳಗಿನದೇ ಅಂತ ನನ್ನ ಅಂದಾಜು.

ಫೋನ್‌ನಿಂದಲೂ ಇದನ್ನು ಪತ್ತೆ ಮಾಡಬಹುದು. ಧ್ವನಿಯ ಹರ್ಟ್ಸ್ ತೋರಿಸುವ ಉಚಿತ ಸ್ಪೆಕ್ಟ್ರಮ್ ಆ್ಯಪ್ ಹಾಕಿಕೊಂಡು ಫೋನನ್ನು ಕೋನ್ ಹತ್ತಿರ ಹಿಡಿಯಿರಿ. ನಮ್ಮ ಕರೆಂಟ್ 50 ಹರ್ಟ್ಸ್. ಬ್ರಿಡ್ಜ್ ಡಯೋಡ್‌ಗಳು ಅದನ್ನು ಡಿಸಿ ಮಾಡುವಾಗ ಸೆಕೆಂಡಿಗೆ 100 ಏರಿಳಿತ ಉಳಿಯುತ್ತವೆ. ಅವನ್ನು ಸಮ ಮಾಡುವುದೇ ಫಿಲ್ಟರ್ ಕಂಡೆನ್ಸರ್ ಕೆಲಸ. ಗೆರೆ 100ರ ಹತ್ತಿರ ಎದ್ದು ಕಂಡರೆ ಕಂಡೆನ್ಸರ್ ಸೋತಿದೆ ಅನ್ನಿ. 50ರಲ್ಲಿ ಎದ್ದರೆ ಅರ್ಥಿಂಗ್ ಅಥವಾ ಕೇಬಲ್ ಕಡೆ ನೋಡಿ. ಇಲ್ಲೊಂದು ಮೋಸ ಇದೆ. ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದ ಪಟ್ಟಿಗಳು ಸಡಿಲ ಆದರೂ ಅದೇ 100 ಹರ್ಟ್ಸ್ ಸದ್ದು ಬರುತ್ತದೆ. ಆದರೆ ಅದು ಕೋನ್‌ನಿಂದ ಬರುವುದಿಲ್ಲ, ಡಬ್ಬಿಯ ಕಟ್ಟಿಗೆಯಿಂದ ಬರುತ್ತದೆ. ಕೋನ್ ಅಂಚಿಗೆ ಬೆರಳು ತಾಗಿಸಿ ನೋಡಿ. ಅದು ಅಲ್ಲಾಡದೆ ಡಬ್ಬಿ ಮಾತ್ರ ನಡುಗುತ್ತಿದ್ದರೆ ಟ್ರಾನ್ಸ್‌ಫಾರ್ಮರ್ ಬೋಲ್ಟ್ ಬಿಗಿ ಮಾಡಿ, ಅಷ್ಟು ಸಾಕು.

ಕಂಡೆನ್ಸರ್ ನಮ್ಮ ಕಡೆ ಯಾಕೆ ಬೇಗ ಸಾಯುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದೆ ಯಾವುದನ್ನು ಕೊಳ್ಳಬೇಕು ಅನ್ನುವುದಕ್ಕೆ ಉಪಯೋಗ ಆಗುತ್ತದೆ. ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಒಳಗೆ ದ್ರವ ಇರುತ್ತದೆ. ಬಿಸಿಗೆ ಅದು ಒಣಗುತ್ತಾ ಹೋಗುತ್ತದೆ. 10 ಡಿಗ್ರಿ ಬಿಸಿ ಏರಿದರೆ ಆಯುಷ್ಯ ಅರ್ಧ ಅನ್ನುವುದು ಎಲ್ಲ ಎಂಜಿನಿಯರ್‌ಗಳೂ ಬಳಸುವ ಒರಟು ಲೆಕ್ಕ. ಅಗ್ಗದ ಸೆಟ್‌ಗಳಲ್ಲಿ 85 ಡಿಗ್ರಿಯ ಕಂಡೆನ್ಸರ್ ಹಾಕಿರುತ್ತಾರೆ. ಅದರ ಆಯುಷ್ಯ 85 ಡಿಗ್ರಿಯಲ್ಲಿ 2000 ಗಂಟೆ ಅಂತಿದ್ದರೆ 65 ಡಿಗ್ರಿಯಲ್ಲಿ ಸುಮಾರು 8000 ಗಂಟೆ. ಕಲಬುರಗಿಯಲ್ಲಿ ಮೇ ತಿಂಗಳು ಹೊರಗೆ 42, 43 ಡಿಗ್ರಿ ಇರುತ್ತದೆ. ಟಿವಿ ಯುನಿಟ್‌ನ ಗೂಡಿನೊಳಗೆ, ಐಸಿಯ ಬಿಸಿ ಹೀರುವ ಲೋಹದ ತುಂಡಿನ (ಹೀಟ್‌ಸಿಂಕ್) ಪಕ್ಕದಲ್ಲಿ ಕೂತ ಕಂಡೆನ್ಸರ್‌ಗೆ 65 ಡಿಗ್ರಿ ದೊಡ್ಡ ಮಾತೇನಲ್ಲ. ಇನ್ನೊಂದು ಕಡೆ, ರಿಮೋಟ್‌ನಿಂದ ಆರಿಸಿದಾಗ ಎಷ್ಟೋ ಸೆಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಮತ್ತು ಕಂಡೆನ್ಸರ್ ಹಾಗೇ ಹೊತ್ತಿಕೊಂಡಿರುತ್ತವೆ. ಒಂದು ವರ್ಷಕ್ಕೆ 8760 ಗಂಟೆ. ನೀವು ದಿನಕ್ಕೆ ಎರಡು ಗಂಟೆ ಸಿನಿಮಾ ನೋಡಿದರೂ ಅದಕ್ಕೆ ಇಪ್ಪತ್ನಾಲ್ಕು ಗಂಟೆ ಡ್ಯೂಟಿ. ಆರು ವರ್ಷ ಬಾಳಿದ್ದೇ ಹೆಚ್ಚು! ಇನ್ನು ಮುಂದೆ ಗೋಡೆಯ ಸ್ವಿಚ್ಚನ್ನೇ ಆರಿಸಿ.

ಈಗ ಡಬ್ಬಿ ಬಿಚ್ಚುವ ಮಾತು. ಭಾರ ಇದೆ ಅಂದಿದ್ದೀರಿ, ಅಂದರೆ ಒಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರಬೇಕು. ಒಳ್ಳೆಯದು. ಬಿಚ್ಚಿದಾಗ ಟ್ರಾನ್ಸ್‌ಫಾರ್ಮರ್ ಬದಲು ಮೊಬೈಲ್ ಚಾರ್ಜರ್ ಥರದ ಎಸ್‌ಎಂಪಿಎಸ್ ಕಂಡರೆ ಮುಚ್ಚಿಬಿಡಿ. ಅದರ ದೊಡ್ಡ ಕಂಡೆನ್ಸರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಅದು ಕಲಿತವರ ಕೆಲಸ. ಟ್ರಾನ್ಸ್‌ಫಾರ್ಮರ್ ಇದ್ದರೆ ಪ್ಲಗ್ ಕಿತ್ತು, ಫಿಲ್ಟರ್ ಕಂಡೆನ್ಸರ್‌ನ ಎರಡು ಕಾಲಿಗೆ 100 ಓಮ್, 5 ವ್ಯಾಟ್ ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ಬಂತಾ ನೋಡಿ. ಸ್ಕ್ರೂಡ್ರೈವರ್‌ನಿಂದ ಚಟ್ ಅನಿಸುವ ಅಭ್ಯಾಸ ಬೇಡ.

ದೊಡ್ಡ ಕಂಡೆನ್ಸರ್ ಸಾಮಾನ್ಯವಾಗಿ ಎರಡು ಇರುತ್ತವೆ. ಮೇಲೆ 3300 ಅಥವಾ 4700 ಮೈಕ್ರೋಫ್ಯಾರಡ್, 25 ವೋಲ್ಟ್ ಅಂತ ಏನಾದರೂ ಬರೆದಿರುತ್ತದೆ. ತಲೆ ಉಬ್ಬಿದೆಯಾ, ಬುಡದಲ್ಲಿ ಕಂದು ಬಣ್ಣದ ಕಲೆ ಇದೆಯಾ ನೋಡಿ. ಬುಡದಲ್ಲಿ ಹಳದಿ, ಕಂದು ಗಟ್ಟಿ ಪದಾರ್ಥ ಕಂಡರೆ ಗಾಬರಿ ಬೇಡ, ಅಲ್ಲಾಡದಿರಲಿ ಅಂತ ಕಂಪನಿಯವರೇ ಹಾಕಿದ ಅಂಟೂ ಆಗಿರಬಹುದು. ಉಬ್ಬದಿದ್ದರೂ ಎರಡನ್ನೂ ಬದಲಿಸಿ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಒಂದು ಮೆಟ್ಟಿಲು ಮೇಲೆ ಇರಲಿ, 25ರ ಜಾಗಕ್ಕೆ 35 ನಡೆಯುತ್ತದೆ. 105 ಡಿಗ್ರಿ ಅಂತ ಬರೆದಿರುವುದನ್ನೇ ಕೇಳಿ ತಗೊಳ್ಳಿ. ಅಂಗಡಿಯವರು ‘ಎಲ್ಲಾ ಒಂದೇ ರೀ’ ಅಂದರೂ ಒಪ್ಪಬೇಡಿ, ಡಬ್ಬಿ ಮೇಲೆ ಓದಿ ನೋಡಿ. ಬೇಸ್ ಜಾಸ್ತಿ ಬರುತ್ತದೆ ಅಂತ 4700 ಇದ್ದ ಕಡೆ 22000 ಹಾಕುವವರಿದ್ದಾರೆ. ಹಚ್ಚಿದ ಕ್ಷಣ ಡಯೋಡ್‌ಗಳ ಮೇಲೆ ವಿಪರೀತ ಹೊರೆ ಬೀಳುತ್ತದೆ, ಬೇಡ. ಬಿಳಿ ಪಟ್ಟಿ ಇರುವ ಕಾಲು ಮೈನಸ್. ಉಲ್ಟಾ ಹಾಕಿದರೆ ಕಂಡೆನ್ಸರ್ ಸಿಡಿಯುತ್ತದೆ. ಹೊಸದನ್ನು ಹಾಕಿದ ಮೇಲೆ ಮೊದಲ ಸಲ ಸೀರೀಸ್ ಬಲ್ಬ್ ಮೂಲಕ, ಅಂದರೆ ಸೆಟ್‌ಗೆ ಹೋಗುವ ಕರೆಂಟ್ ಒಂದು ಬಲ್ಬ್ ದಾಟಿ ಹೋಗುವ ಹಾಗೆ ಜೋಡಿಸಿ, ಹಚ್ಚಿ. 60 ವ್ಯಾಟ್‌ನ ಹಳೇ ಕಾಲದ ಬಲ್ಬ್ ಬೇಕು, ಎಲ್‌ಇಡಿ ನಡೆಯುವುದಿಲ್ಲ. ಬಲ್ಬ್ ಒಂದು ಕ್ಷಣ ಹೊಳೆದು ಮಂಕಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ.

ಇದನ್ನು ಮಾಡುವ ತನಕ ವೂಫರ್ ಕೋನ್ ರಿಪೇರಿಗೆ ಕೈ ಹಾಕಲೇಬೇಡಿ. ಸೋತ ಕಂಡೆನ್ಸರ್ ಇದ್ದಾಗ ಬೇಸ್ ಹೊಡೆತ ಬಂದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಕಿವಿಗೆ ಅದು ಹರಿದ ಕೋನ್ ಹಾಗೇ ಕೇಳುತ್ತದೆ. ಗುಂಯ್ ಹೋದ ದಿನವೇ ನಿಮ್ಮ ಪರಪರವೂ ಹೋದರೆ ನನಗೇನೂ ಆಶ್ಚರ್ಯ ಇಲ್ಲ.

ಅರ್ಥಿಂಗ್ ಮಾತು ಅರ್ಧಕ್ಕೇ ಬಿಟ್ಟೆ. ಪಿನ್ ಕಿತ್ತಾಗ ಸದ್ದು ನಿಲ್ಲುತ್ತದೆ ಅನ್ನುವ ಓದುಗರೂ ಇರುತ್ತಾರಲ್ವಾ, ಅವರಿಗೆ ಇದು. ಮೊದಲು ಸೆಟ್‌ಟಾಪ್ ಬಾಕ್ಸ್‌ಗೆ ಬರುವ ಕೇಬಲ್ ವೈರ್ ತಿರುಗಿಸಿ ಬಿಚ್ಚಿ ನೋಡಿ. ಆ ವೈರ್ ಬೇರೆಲ್ಲೋ ನೆಲ ಮುಟ್ಟಿ ಬಂದಿರುತ್ತದೆ, ನಿಮ್ಮ ಮನೆಯ ಅರ್ಥ್ ಬೇರೆ. ಎರಡರ ನಡುವಿನ ವ್ಯತ್ಯಾಸ ಸ್ಪೀಕರ್‌ನಲ್ಲಿ ಸದ್ದಾಗುತ್ತದೆ. ಆಡಿಯೋ ವೈರ್ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಚಿಕ್ಕ ಡಬ್ಬಿ ಸಿಗುತ್ತದೆ, ಅದು ಸಾಕು. ಆಮೇಲೆ ನಮ್ಮ ಎರೆ ಮಣ್ಣು. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟು ಅರ್ಥಿಂಗ್ ಪೈಪಿನಿಂದ ಸರಿದು ನಿಲ್ಲುತ್ತದೆ. ಮಳೆಗಾಲದಲ್ಲಿ ಇಲ್ಲದ ಗುಂಯ್ ಏಪ್ರಿಲ್‌ನಲ್ಲಿ ಶುರುವಾಗುವುದಕ್ಕೆ ಇದೂ ಒಂದು ಕಾರಣ. ಟಿವಿಯ ಲೋಹದ ಭಾಗ ಮುಟ್ಟಿದರೆ ಜುಮ್ ಅನ್ನುವುದೂ ಅದಕ್ಕೇ. ಸಾಕೆಟ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಸಿ ವೋಲ್ಟ್ ಅಳೆಯಿರಿ. ಎರಡು ಮೂರು ವೋಲ್ಟ್ ದಾಟಿದರೆ ಅರ್ಥಿಂಗ್ ಗುಂಡಿಗೆ ನಾಲ್ಕು ಕೊಡ ನೀರು ಹಾಕಿ, ಮರುದಿನ ಮತ್ತೆ ಅಳೆಯಿರಿ. ಇಳಿಯದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಸದ್ದು ಹೋಗಲಿ ಅಂತ ಮೂರು ಪಿನ್ ಪ್ಲಗ್‌ನ ದಪ್ಪ ಪಿನ್ ಮುರಿಯುವ ಜನರಿದ್ದಾರೆ. ಸದ್ದು ಹೋಗುತ್ತದೆ ನಿಜ, ಮನೆಯವರ ಜೀವಕ್ಕೆ ಇದ್ದ ಕಾವಲೂ ಹೋಗುತ್ತದೆ.

ಈಗ ಬಂದ್ ಆದ ಸ್ಪೀಕರ್. ಹಿಂದಿನ ಬಲಗಡೆ ಸ್ಪೀಕರ್ ಪಿನ್ನನ್ನು ಹಿಂದಿನ ಎಡಗಡೆ ಸಾಕೆಟ್‌ಗೆ ಹಾಕಿ. ಹಾಡಿದರೆ ಸ್ಪೀಕರ್ ಸರಿ ಇದೆ, ಬಲಗಡೆಯ ಚಾನೆಲ್ (ಆ ಸ್ಪೀಕರ್‌ಗೆ ಸದ್ದು ಕಳಿಸುವ ಆಂಪ್ಲಿಫೈಯರ್ ಭಾಗ) ಸತ್ತಿದೆ. ಹಾಡದಿದ್ದರೆ ಸ್ಪೀಕರ್ ಅಥವಾ ಅದರ ವೈರ್. ಆಗ ಸ್ಪೀಕರ್‌ನ ಎರಡು ತುದಿಗೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಒಂದು ಕ್ಷಣ ತಾಗಿಸಿ. ಟಕ್ ಅಂದರೆ ಕಾಯಿಲ್ (ಕೋನ್ ಅಲ್ಲಾಡಿಸುವ ತಂತಿ ಸುರುಳಿ) ಜೀವಂತ. ಮೀಟರ್‌ನಲ್ಲಿ ಅಳೆದರೆ 4 ಓಮ್ ಸ್ಪೀಕರ್ ಮೂರೂವರೆ ಆಸುಪಾಸು ತೋರಿಸುತ್ತದೆ, 8 ಓಮ್‌ನದು ಆರು ಆರೂವರೆ. ಬರೆದಿದ್ದಕ್ಕಿಂತ ಕಡಿಮೆ ತೋರಿಸುವುದೇ ಸರಿ. ಏನೂ ತೋರಿಸದಿದ್ದರೆ ಮೊದಲು ಪಿನ್ ಅನುಮಾನಿಸಿ, ಆಮೇಲೆ ಸೋಫಾ ಹಿಂದೆ ಓಡಿದ ವೈರ್. ಅಲ್ಲಿ ಇಲಿಗಳ ರಾಜ್ಯ. ಅಂದ ಹಾಗೆ, ಬ್ಲೂಟೂತ್‌ನಲ್ಲಿ ಹಾಡು ಹಾಕಿದರೆ ಕೆಲವು ಸೆಟ್‌ಗಳಲ್ಲಿ ಹಿಂದಿನ ಎರಡೂ ಸ್ಪೀಕರ್ ಮೌನವಾಗಿರುತ್ತವೆ. ಅದು ರೋಗ ಅಲ್ಲ. ನಿಮ್ಮಲ್ಲಿ ಒಂದೇ ಬಂದ್ ಆಗಿರುವುದರಿಂದ ಈ ಮಾತು ನಿಮಗೆ ಸಲ್ಲುವುದಿಲ್ಲ.

ಚಾನೆಲ್ ಸತ್ತಿದ್ದರೆ ಇಷ್ಟು ಹುಷಾರು: ಆ ಸಾಕೆಟ್‌ಗೆ ಒಳ್ಳೆ ಸ್ಪೀಕರ್ ಹಾಕಿ ನೋಡಬೇಡಿ. ಮೊದಲು ಡಿಸಿ ಅಳೆಯಿರಿ. ವಾಲ್ಯೂಮ್ ಸೊನ್ನೆ ಇರಲಿ, ಸ್ಪೀಕರ್ ಕಿತ್ತಿರಲಿ. ಸಾಕೆಟ್‌ನ ಎರಡು ತುದಿಗಳ ನಡುವೆ 50 ಮಿಲಿವೋಲ್ಟ್ ಒಳಗೆ ಇದ್ದರೆ ಆರೋಗ್ಯ. ಹತ್ತು ಹದಿನೈದು ವೋಲ್ಟ್ ಬಂದರೆ ಐಸಿ ಶಾರ್ಟ್ ಆಗಿದೆ. 16 ವೋಲ್ಟ್ ಡಿಸಿ 3.4 ಓಮ್ ಕಾಯಿಲ್‌ಗೆ ಹೋದರೆ 75 ವ್ಯಾಟ್ ಶಾಖ. ಟ್ರಾನ್ಸ್‌ಫಾರ್ಮರ್ ಅಷ್ಟು ಕೊಡಲಾರದೆ ಅರ್ಧ ಕೊಟ್ಟರೂ ಹೆಬ್ಬೆರಳಿನಷ್ಟು ಕಾಯಿಲ್ ಕಣ್ಣೆದುರೇ ಹೊಗೆಯಾಡುತ್ತದೆ. ಸ್ಪೀಕರ್ ಬದಲಿಸಿದರು, ಅದೂ ಸುಟ್ಟಿತು, ಇನ್ನೊಂದು ತಂದರು, ಅದೂ ಸುಟ್ಟಿತು ಅನ್ನುವ ಕಥೆಗಳ ಹಿಂದೆ ಇರುವುದು ಇದೇ. ವೂಫರ್ ಚಾನೆಲ್‌ನಲ್ಲೂ ಇದೇ ಪರೀಕ್ಷೆ ಮಾಡಿ.

ಈ ಐಸಿ ಹೆಚ್ಚಾಗಿ ಟಿಡಿಎ 2030 ಆಗಿರುತ್ತದೆ, ಐದು ಕಾಲಿನದು, ಒಂದು ಚಾನೆಲ್‌ಗೆ ಒಂದು. ಬೆಲೆ ನೂರು ರೂಪಾಯಿ ಒಳಗೆ. ಅದು ತಡೆಯುವ ಗರಿಷ್ಠ ವೋಲ್ಟ್ ಪ್ಲಸ್ ಮೈನಸ್ 18. 12-0-12 (ನಡುವಿನ ವೈರ್‌ನಿಂದ ಎರಡೂ ಕಡೆ 12 ವೋಲ್ಟ್ ಎಸಿ ಕೊಡುವ) ಟ್ರಾನ್ಸ್‌ಫಾರ್ಮರ್ ಇದ್ದರೆ 230 ವೋಲ್ಟ್ ಕರೆಂಟ್‌ನಲ್ಲಿ ಸುಮಾರು 16 ಬರುತ್ತದೆ. ಮನೆಗೆ 260 ಬಂತು ಅನ್ನಿ, ಅದು 18 ದಾಟುತ್ತದೆ. ಸಂಜೆ ಕರೆಂಟ್ ಹೋಗಿ ಬರುವಾಗ ಬಲ್ಬ್ ಒಮ್ಮೆ ಬೆಳ್ಳಗೆ ಉರಿಯುತ್ತದಲ್ಲ, ಆ ಹೊತ್ತು ಈ ಐಸಿಗೆ ಕಂಟಕ. ಕರೆಂಟ್ ಹೋದ ಕೂಡಲೇ ಸ್ವಿಚ್ ಆರಿಸಿ, ಬಂದು ಐದು ನಿಮಿಷ ಆದ ಮೇಲೆ ಹಚ್ಚಿ. ಹೊಸ ಐಸಿ ಹಾಕುವಾಗ ಅದೇ ಅಕ್ಷರ, ಅದೇ ನಂಬರ್ ಇರುವುದನ್ನು ಹಾಕಿ. 2030ರ ಜಾಗಕ್ಕೆ 2030ಎ ನಡೆಯುತ್ತದೆ, ಅದರ ಮಿತಿ 22 ವೋಲ್ಟ್, ಒಳ್ಳೆಯದೇ. ನಕಲಿ ಬಹಳ ಇವೆ. ಬರಹ ಉಗುರಿಗೇ ಅಳಿಸಿದರೆ ವಾಪಸ್ ಕೊಡಿ.

ಮೈಕಾ, ಅಂದರೆ ಐಸಿಗೂ ಹೀಟ್‌ಸಿಂಕ್‌ಗೂ ನಡುವೆ ಕರೆಂಟ್ ತಡೆಯುವ ಹಾಳೆ, ಮರೆಯಬೇಡಿ. ಈ ಐಸಿಯ ಬೆನ್ನಿನ ಲೋಹ ಒಳಗೆ ಮೈನಸ್ ಸಪ್ಲೈಗೆ ಕೂಡಿದೆ. ಹಳೇ ಐಸಿ ಬಿಚ್ಚಿದಾಗ ಹೀಟ್‌ಸಿಂಕ್ ಮೇಲೆ ತೆಳ್ಳಗಿನ ಪಾರದರ್ಶಕ ಹಾಳೆ ಅಂಟಿರುತ್ತದೆ, ಕೆಲವು ಸಲ ಬೂದು ಬಣ್ಣದ ರಬ್ಬರ್ ಹಾಳೆ. ಸ್ಕ್ರೂಗೆ ಪುಟ್ಟ ಪ್ಲಾಸ್ಟಿಕ್ ಬುಷ್ ಇರುತ್ತದೆ. ಕಸ ಅಂತ ಇವನ್ನು ಎಸೆದು ಐಸಿ ಬಿಗಿದರೆ ಎಲ್ಲಾ ಐಸಿಗಳೂ ಹೀಟ್‌ಸಿಂಕ್ ಮೂಲಕ ಒಂದಕ್ಕೊಂದು ಕೂಡಿಕೊಳ್ಳಬಹುದು, ಹೀಟ್‌ಸಿಂಕ್ ಗ್ರೌಂಡ್‌ಗೆ ತಾಗಿದ್ದರೆ ಫ್ಯೂಸ್ ಹಾರುತ್ತದೆ. ಮೈಕಾದ ಎರಡೂ ಬದಿಗೆ ಬಿಳಿ ಪೇಸ್ಟ್ ತೆಳ್ಳಗೆ ಸವರಿ ಬಿಗಿಯಿರಿ. ಬಿಗಿದ ಮೇಲೆ ಐಸಿ ಬೆನ್ನಿಗೂ ಹೀಟ್‌ಸಿಂಕ್‌ಗೂ ಮೀಟರ್ ಇಟ್ಟು ಬೀಪ್ ಬರುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಐಸಿಯ ಕಾಲುಗಳ ಸುತ್ತ ಸೋಲ್ಡರ್‌ನಲ್ಲಿ ಉಂಗುರದಂಥ ಬಿರುಕು ಇದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ. ಇದ್ದರೆ ಐಸಿ ಸರಿ ಇದ್ದೂ ಚಾನೆಲ್ ಸತ್ತಿರುತ್ತದೆ, ಬರೀ ಮರು ಸೋಲ್ಡರ್ ಸಾಕು.

ಇಷ್ಟೆಲ್ಲ ಆದ ಮೇಲೂ ವೂಫರ್ ಪರಪರ ಅಂದರೆ, ಆಗ ಕೋನ್. ಸೆಟ್ ಆರಿಸಿ, ಎರಡೂ ಕೈಯ ಬೆರಳುಗಳನ್ನು ಕೋನ್ ಮೇಲೆ ಎದುರು ಬದುರು ಇಟ್ಟು ಮೆಲ್ಲಗೆ ಒಳಗೆ ಒತ್ತಿ ಬಿಡಿ. ಕಿವಿ ಹತ್ತಿರ ಇರಲಿ. ಮೃದುವಾಗಿ ಹೋಗಿ ಬಂದರೆ ಕಾಯಿಲ್ ಸರಿ. ಕರಕರ ಅಂತ ಉಜ್ಜಿದರೆ ಎರಡರಲ್ಲಿ ಒಂದು: ಮ್ಯಾಗ್ನೆಟ್ ಸಂದಿಗೆ ಧೂಳು ಹೋಗಿದೆ, ಅಥವಾ ಕಾಯಿಲ್ ಬೆಂದು ಉಬ್ಬಿದೆ. ಉಜ್ಜದಿದ್ದರೆ ಫೋನ್‌ನಿಂದ 30 ರಿಂದ 80 ಹರ್ಟ್ಸ್ ತನಕ ಏರುವ ಟೋನ್ ಸಣ್ಣ ವಾಲ್ಯೂಮ್‌ನಲ್ಲಿ ಹಾಕಿ, ಡಬ್ಬಿ ಮೇಲೆ ಅಲ್ಲಲ್ಲಿ ಅಂಗೈ ಒತ್ತುತ್ತಾ ಹೋಗಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಅಲ್ಲೇ ಕಳ್ಳ. ಸಡಿಲ ಸ್ಕ್ರೂ, ಮುಂದಿನ ಜಾಲಿ, ನಡುವಿನ ಗುಂಡು ಟೋಪಿ ಬಿಟ್ಟಿರುವುದು, ಕೋನ್‌ಗೆ ಬಡಿಯುವ ಜಡೆ ವೈರ್, ಯಾವುದಾದರೂ ಆಗಬಹುದು.

ನಮ್ಮ ಮನೆಗಳ ಒಂದು ವಿಶೇಷ ಕಾರಣವೂ ಇದೆ. ಶಹಾಬಾದ್ ಪರಸಿ ನೆಲ, ಹಬ್ಬ ಬಂತೆಂದರೆ ಕೊಡಗಟ್ಟಲೆ ನೀರು ಹೊಯ್ದು ತೊಳೆಯುತ್ತಾರೆ. ವೂಫರ್ ಡಬ್ಬಿ ಮರದ ಪುಡಿ ಒತ್ತಿ ಮಾಡಿದ ಹಲಗೆ. ತಳ ನೀರು ಹೀರಿ ಉಬ್ಬುತ್ತದೆ, ಮೂಲೆ ಬಾಯಿ ಬಿಡುತ್ತದೆ, ಆ ಸೀಳಿನಿಂದ ಗಾಳಿ ಪುಸ್ ಅಂತ ಹೊರಬೀಳುತ್ತದೆ. ಅದೂ ಕೋನ್ ಹರಿದ ಹಾಗೇ ಕೇಳುತ್ತದೆ. ಡಬ್ಬಿ ಮಲಗಿಸಿ ತಳ ನೋಡಿ. ಬಾಯಿ ಬಿಟ್ಟಿದ್ದರೆ ಪೂರ್ತಿ ಒಣಗಿಸಿ, ಫೆವಿಕಾಲ್ ತುಂಬಿ, ಒಂದು ರಾತ್ರಿ ಬಿಗಿಯಾಗಿ ಕಟ್ಟಿಡಿ. ಕಾಲಿಗೆ ಒಂದಿಂಚು ಎತ್ತರದ ರಬ್ಬರ್ ಬುಡ ಹಾಕಿ.

ಕೋನ್ ಸುತ್ತಲಿನ ಫೋಮ್ ಅಂಚು ಮುಟ್ಟಿದರೆ ಪುಡಿಯಾಗುತ್ತಿದ್ದರೆ ಅದೊಂದನ್ನೇ ಬದಲಿಸಬಹುದು, ಸ್ಪೀಕರ್ ಎಸೆಯುವ ಅಗತ್ಯ ಇಲ್ಲ. ಅಳತೆಗೆ ಸರಿಯಾದ ರಬ್ಬರ್ ಅಂಚು ತಂದು, ಹಳೇ ಅಂಟು ಪೂರ್ತಿ ಕೆರೆದು ತೆಗೆಯಿರಿ. ನಡುವಿನ ಟೋಪಿಯನ್ನು ಬ್ಲೇಡ್‌ನಿಂದ ಬಿಡಿಸಿ. ಒಳಗೆ ಕಾಯಿಲ್‌ಗೂ ನಡುವಿನ ಕಬ್ಬಿಣದ ಗುಬ್ಬಿಗೂ ಕೂದಲಿನಷ್ಟು ಸಂದಿ ಕಾಣುತ್ತದೆ. ಹಳೇ ಎಕ್ಸ್‌ರೇ ಫಿಲ್ಮ್‌ನಿಂದ ಕತ್ತರಿಸಿದ ನಾಲ್ಕು ಪಟ್ಟಿಗಳನ್ನು ನಾಲ್ಕು ದಿಕ್ಕಿಗೆ ಆ ಸಂದಿಯಲ್ಲಿ ತೂರಿಸಿ, ಕಾಯಿಲ್ ಸರಿಯಾಗಿ ನಡುವೆ ನಿಲ್ಲುತ್ತದೆ. ಆಮೇಲೆ ಫೆವಿಬಾಂಡ್ ಥರದ ರಬ್ಬರ್ ಅಂಟು ಹಚ್ಚಿ ಅಂಚು ಕೂರಿಸಿ. ಒಂದು ದಿನ ಮುಟ್ಟಬೇಡಿ. ಪಟ್ಟಿ ಕಿತ್ತು, ಒತ್ತಿ ನೋಡಿ, ಉಜ್ಜದಿದ್ದರೆ ಟೋಪಿ ಅಂಟಿಸಿ. ಫೆವಿಕ್ವಿಕ್ ಬೇಡ, ಗಾಜಿನಂತೆ ಗಟ್ಟಿಯಾಗಿ ಬೇಸ್‌ಗೆ ಸೀಳುತ್ತದೆ.

ಕಾಯಿಲ್ ಸುಟ್ಟಿದ್ದರೆ ನೀವು ಕೈ ಹಾಕಬೇಡಿ. ಜಾತ್ರೆ, ಮದುವೆಗೆ ಮೈಕ್ ಸೆಟ್ ಕೊಡುವವರನ್ನು ಎಲ್ಲಿ ಕಾಯಿಲ್ ಹಾಕಿಸುತ್ತೀರಿ ಅಂತ ಕೇಳಿ. ಅವರ ಸ್ಪೀಕರ್‌ಗಳು ಮೇಲಿಂದ ಮೇಲೆ ಸುಡುತ್ತಲೇ ಇರುತ್ತವೆ, ಒಳ್ಳೆ ಕೈ ಯಾರದು ಅಂತ ಅವರಿಗೆ ಗೊತ್ತಿರುತ್ತದೆ. ಹಳೇ ಕಾಯಿಲ್ ಎಸೆಯದೆ ಜೊತೆಗೆ ಒಯ್ಯಿರಿ, ವ್ಯಾಸ ಮತ್ತು ಸುತ್ತಿನ ಎತ್ತರ ಅದರಿಂದಲೇ ತೆಗೆಯಬೇಕು. ಓಮ್ ಮೊದಲಿನಷ್ಟೇ ಬರಬೇಕು ಅಂತ ಹೇಳಿ. 6 ಓಮ್ ಇದ್ದ ಕಡೆ 4 ಓಮ್ ಬಂದರೆ ಆಂಪ್ಲಿಫೈಯರ್ ಮೇಲೆ ಹೊರೆ ಜಾಸ್ತಿ.

ಸೌಂಡ್‌ಬಾರ್ ವಿಚಾರ. ಮಗನಿಗೆ ಡಬ್ಬಿ ಮೇಲಿನ ಪಿಎಂಪಿಒ ವ್ಯಾಟ್ ನೋಡಬೇಡ ಅಂತ ಹೇಳಿ, ಅದು ಜಾಹೀರಾತು. ನಿಮ್ಮ ಹಳೇ ಸೆಟ್‌ನ ತಾಕತ್ತನ್ನೂ ಟ್ರಾನ್ಸ್‌ಫಾರ್ಮರ್ ನೋಡಿ ಲೆಕ್ಕ ಹಾಕಿ. 12-0-12, 3 ಆಂಪಿಯರ್ ಅಂದರೆ 24 ವೋಲ್ಟ್ ಗುಣಿಸು 3, ಒಟ್ಟು 72 ವಿಎ (ವೋಲ್ಟ್-ಆಂಪಿಯರ್). ಈ ಥರದ ಆಂಪ್ಲಿಫೈಯರ್‌ನಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸದ್ದಾಗುತ್ತದೆ, ಅಂದರೆ ಆರೂ ಸ್ಪೀಕರ್ ಸೇರಿ ನಲವತ್ತು ವ್ಯಾಟ್. ಒಂದು ಹಾಲ್‌ಗೆ ಅದು ಧಾರಾಳ. ನನ್ನ ಲೆಕ್ಕದಲ್ಲಿ ಕಂಡೆನ್ಸರ್, ಒಂದು ಐಸಿ, ಪೇಸ್ಟ್, ಮೈಕಾ ಸೇರಿ ಸಾಮಾನಿನ ಖರ್ಚು ಐದುನೂರು ದಾಟುವುದು ಕಷ್ಟ. ನೀವೇ ಮಾಡಿಕೊಳ್ಳಬಹುದು. ಬೇಡ ಅಂದರೆ ಅದೇ ರಿಪೇರಿಯವರ ಹತ್ತಿರ ಹೋಗಿ ‘ಮೊದಲು ಫಿಲ್ಟರ್ ಕಂಡೆನ್ಸರ್ ಎರಡು ಬದಲಿಸಿ, ಹಿಂದಿನ ಬಲ ಚಾನೆಲ್‌ನ ಡಿಸಿ ಅಳೆದು ತೋರಿಸಿ’ ಅಂತ ಹೇಳಿ, ಮಜೂರಿ ಬೇರೆಯಾಗಿ ಮಾತಾಡಿ. ಟ್ರಾನ್ಸ್‌ಫಾರ್ಮರೇ ಸುಟ್ಟಿದ್ದು, ವೂಫರ್ ಕಾಯಿಲ್ಲೂ ಹೋಗಿದ್ದು, ಎರಡೂ ಒಟ್ಟಿಗೆ ಆಗಿದ್ದರೆ ಮಾತ್ರ ಮಗನ ಮಾತು ಕೇಳಿ. ಆಗಲೂ ಚಿಕ್ಕ ಐದು ಸ್ಪೀಕರ್ ಗುಜರಿಗೆ ಕೊಡಬೇಡಿ, ಬೇರೆ ಯಾವ ಆಂಪ್ಲಿಫೈಯರ್‌ಗಾದರೂ ಓಮ್ ಹೊಂದಿಸಿಕೊಂಡು ಜೋಡಿಸಬಹುದು.